ಒಂದೇ ಸಲ ಕಳಿಸಿದ್ದು, ದಿನಾ ಕಳಿಸಿದಂತಾಯಿತು: ಪೋರ್ಚುಗೀಸ್‌ನ ‘ತೆನ್ಯು’ ಗೊಂದಲ

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆದಾಗ ಬ್ರೆಜಿಲ್‌ನ ಮಿನಾಸ್ ಜೆರಾಯ್ಸ್ ರಾಜ್ಯದ ಬೆಳೆಗಾರರೊಬ್ಬರ ಪರಿಚಯವಾಯಿತು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ನಾನೇ ಮೊಬೈಲ್ ಆ್ಯಪ್ ಹಾಕಿಕೊಂಡು ಪೋರ್ಚುಗೀಸ್ ಕಲಿಯತೊಡಗಿದೆ. ಈಗ ವಾಟ್ಸ್‌ಆ್ಯಪ್‌ನಲ್ಲಿ ಮಳೆ, ಹೂವು, ಬೆಲೆ, ಆನೆ ಎಲ್ಲ ಮಾತಾಡುತ್ತೇವೆ. ಕಳೆದ ತಿಂಗಳು ಮಣ್ಣು ಪರೀಕ್ಷೆಯ ವರದಿಯನ್ನು ಇಮೇಲ್ ಮಾಡಿ, ‘ವರದಿ ಕಳಿಸಿದ್ದೇನೆ’ ಎನ್ನಲು ‘ತೆನ್ಯು ಮಂದಾದು ಉ ಹೆಲತೊರಿಯು’ ಎಂದು ಬರೆದೆ. ಅವರು ಗಾಬರಿಯಾಗಿ, ‘ಎಷ್ಟು ಸಲ ಕಳಿಸಿದಿರಿ? ನನಗೆ ಒಂದೂ ಬಂದಿಲ್ಲವಲ್ಲ, ಸ್ಪ್ಯಾಮ್‌ನಲ್ಲೂ ಹುಡುಕಿದೆ’ ಎಂದರು. ನಾನು ಕಳಿಸಿದ್ದು ಒಂದೇ ಸಲ. ಇನ್ನೊಮ್ಮೆ, ಈಚೆಗೆ ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸ ಮಾಡಿಕೊಂಡಿದ್ದೇನೆ ಎಂದು ಹೇಳಲು ಹೋದರೆ, ಹುಟ್ಟಿದಾಗಿನಿಂದ ಹಾಗೇ ಏಳುತ್ತಿದ್ದೇನೆ ಅಂದುಕೊಂಡರು. ಆನ್‌ಲೈನ್‌ನಲ್ಲಿ ಪಾಠ ಹೇಳುವವರೊಬ್ಬರು ‘ಬ್ರೆಜಿಲ್‌ನಲ್ಲಿ ಈ ಕಾಲರೂಪ ಯಾರೂ ಬಳಸುವುದಿಲ್ಲ, ಬಿಟ್ಟುಬಿಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಇತ್ತೀಚೆಗೆ ಎಂಬ ಪದ ಸೇರಿಸದೆ ಬಳಸಲೇಬಾರದು’ ಎನ್ನುತ್ತಾರೆ. ಕನ್ನಡದಲ್ಲಂತೂ ಇಂಥದ್ದೊಂದು ಕಾಲವೇ ಇಲ್ಲ. ನಮ್ಮಂಥವರ ತಲೆಗೆ ಇದು ಹತ್ತುತ್ತದೆಯೇ?

ಉತ್ತರ: ನಿಮ್ಮ ಸ್ನೇಹಿತರು ಸ್ಪ್ಯಾಮ್ ಪೆಟ್ಟಿಗೆ ಜಾಲಾಡಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಕಿವಿಗೆ ಬಿದ್ದದ್ದು ‘ವರದಿ ಕಳಿಸ್ತಾನೇ ಇದ್ದೀನಿ’ ಎಂದು. ಯಾರಾದರೂ ನಿಮಗೆ ಹಾಗೆ ಬರೆದರೆ ನೀವೂ ‘ಅಯ್ಯೋ, ಎಷ್ಟು ಸಲ?’ ಅಂತಲೇ ಕೇಳುತ್ತಿದ್ದಿರಿ.

ಈ ತಪ್ಪು ಮಾಡದೆ ಪೋರ್ಚುಗೀಸ್ ಕಲಿತವರನ್ನು ನಾನು ಕಂಡಿಲ್ಲ. ಗೋವಾದಲ್ಲಿ ಹದಿನೈದು ವರ್ಷ ಈ ಭಾಷೆ ಕಲಿಸಿ, ಈಗ ಮಡಿಕೇರಿಯಲ್ಲಿ ಕೂತು ಅನುವಾದ ಮಾಡಿಕೊಂಡಿರುವ ನಾನೂ ಮಾಡಿದವನೇ. ಲಿಸ್ಬನ್‌ನಲ್ಲಿ ಬಾಡಿಗೆಗಿದ್ದಾಗ ಒಂದು ದಿನ ಮನೆಯ ಬೀಗದ ಕೈ ಕಳೆದುಹೋಯಿತು. ಮನೆಯೊಡತಿಗೆ ಫೋನ್ ಮಾಡಿ ‘ತೆನ್ಯು ಪೆರ್ದೀದು ಅ ಶಾವಿ’ ಎಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, ‘ಇದುವರೆಗೆ ಎಷ್ಟು?’ ಎಂದರು. ‘ಚಾವಿ ಕಳ್ಕೊಳ್ತಾನೇ ಇದ್ದೀನಿ’ ಎಂದು ನಾನು ಹೇಳಿದ್ದೆ. ಅಂದಹಾಗೆ ಆ ‘ಶಾವಿ’ಯೇ ನಮ್ಮ ‘ಚಾವಿ’. ಪದ ಹಡಗು ಹತ್ತಿ ನಮ್ಮ ಕರಾವಳಿಗೆ ಬಂತು, ವ್ಯಾಕರಣ ಅಲ್ಲೇ ಉಳಿಯಿತು.

(ಉಚ್ಚಾರದ ಬಗ್ಗೆ ಒಂದು ಮಾತು. ನಿಮ್ಮ ಸ್ನೇಹಿತರು ಬ್ರೆಜಿಲ್‌ನವರಾದ್ದರಿಂದ ಇನ್ನು ಮುಂದೆ ಅಲ್ಲಿಯ ಉಚ್ಚಾರವನ್ನೇ ಬರೆಯುತ್ತೇನೆ. ಪದದ ಮೊದಲಿನ ರಕಾರ ಮತ್ತು ನಡುವಿನ ಇಮ್ಮಡಿ ರಕಾರ ಅಲ್ಲಿ ಹಕಾರದ ಹತ್ತಿರ ಕೇಳುತ್ತದೆ. ‘ಜ಼’ ಎಂದು ಬರೆದಲ್ಲೆಲ್ಲ ಮೆತ್ತಗೆ ಹೇಳಿ.)

ಗೊಂದಲದ ಮೂಲ ನಿಮ್ಮ ಆ್ಯಪ್‌ನಲ್ಲಿದೆ, ಇನ್ನೂ ಸರಿಯಾಗಿ ಹೇಳುವುದಾದರೆ ಆ್ಯಪ್ ಹಿಡಿದ ಇಂಗ್ಲಿಷ್ ದಾರಿಯಲ್ಲಿದೆ. ಇಂಗ್ಲಿಷ್‌ನಲ್ಲಿ ‘ಹ್ಯಾವ್’ ಸೇರಿಸಿದರೆ ‘ಕಳಿಸಿದ್ದೇನೆ’ ಎಂದಾಗುತ್ತದೆ. ಪೋರ್ಚುಗೀಸ್‌ನಲ್ಲಿ ‘ತೇರ್’ ಎಂಬ ಕ್ರಿಯಾಪದಕ್ಕೆ ‘ಇರಿಸಿಕೊಂಡಿರು, ಹೊಂದಿರು’ ಎಂದೇ ಅರ್ಥ. ಅದರ ವರ್ತಮಾನ ರೂಪ ‘ತೆನ್ಯು’, ಮುಂದೆ ಒಂದು ಕೃದಂತ, ಅಂದರೆ ನಮ್ಮ ‘ಕಳಿಸಿದ’, ‘ನೋಡಿದ’ ಎಂಬಂಥ ರೂಪ. ನೋಡಲು ಎರಡೂ ಒಂದೇ ಅಚ್ಚಿನವು, ಹಾಗಾಗಿ ಕೆಲಸವೂ ಒಂದೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಪೋರ್ಚುಗೀಸ್‌ನಲ್ಲಿ ಈ ಜೋಡಣೆ ಹೇಳುವುದು ಬೇರೆಯೇ: ಕೆಲವು ದಿನಗಳಿಂದ ಈಚೆಗೆ ಮತ್ತೆ ಮತ್ತೆ ಆಗುತ್ತಾ ಬಂದು, ಇವತ್ತಿಗೂ ದಾರ ಕಡಿಯದೆ ಇರುವ ಕೆಲಸವನ್ನು. ವ್ಯಾಕರಣದವರು ಇದಕ್ಕೆ ‘ಪ್ರೆತೆರಿತು ಪೆರ್ಫೇಯ್ತು ಕೊಂಪೋಸ್ತು’ ಎಂದು ಉದ್ದದ ಹೆಸರಿಟ್ಟಿದ್ದಾರೆ. ನಾವು ‘ತೆನ್ಯು ರೂಪ’ ಎಂದೇ ಕರೆಯೋಣ.

ಹಾಗಾದರೆ ‘ಕಳಿಸಿದ್ದೇನೆ’ ಎನ್ನುವುದು ಹೇಗೆ? ಬರೀ ಭೂತಕಾಲ ಸಾಕು: ‘ಮಂದೇಯ್’. ‘ಕಳಿಸಿದೆ’ಗೂ ಅದೇ, ‘ಕಳಿಸಿದ್ದೇನೆ’ಗೂ ಅದೇ. ‘ಆಗಲೇ ಕಳಿಸಿದ್ದೇನೆ’ ಎನ್ನಬೇಕಾದರೆ ಅದರ ಮೊದಲು ‘ಜ಼ಾ’ ಸೇರಿಸಿ ‘ಜ಼ಾ ಮಂದೇಯ್’ ಎನ್ನಿ. ಊಟ ಆಯ್ತಾ ಎಂದು ಕೇಳಿದವರಿಗೆ ‘ಜ಼ಾ ಕೊಮೀ’, ಉಂಡಾಯ್ತು. ಅಲ್ಲಿ ‘ತೆನ್ಯು ಕೊಮೀದು’ ಎಂದರೆ ಕೇಳಿದವರು ಮುಂದಿನ ಮಾತಿಗೆ ಕಾಯುತ್ತಾರೆ, ಈಚೆಗೆ ನೀವು ಏನನ್ನೋ ಒಂದೇ ಸಮ ತಿನ್ನುತ್ತಿದ್ದೀರಿ ಎಂಬಂತೆ.

ಈಗ ‘ಕನ್ನಡದಲ್ಲಿ ಇಂಥ ಕಾಲವೇ ಇಲ್ಲ’ ಎಂಬ ನಿಮ್ಮ ಮಾತಿಗೆ ಬರೋಣ. ಇದನ್ನು ನಾನು ಒಪ್ಪುವುದಿಲ್ಲ. ಹೆಸರಿಟ್ಟ ಕಾಲ ಇಲ್ಲದಿರಬಹುದು, ಮಾತು ಇದೆ. ‘ಮಾಡುತ್ತಾ ಬಂದಿದ್ದೇನೆ’, ‘ಸುರಿಯುತ್ತಲೇ ಇದೆ’, ‘ದಿನಾ ಹೋಗ್ತಾ ಇದ್ದೀನಿ’ ಎಲ್ಲವೂ ತೆನ್ಯು ರೂಪದ ಅಣ್ಣತಮ್ಮಂದಿರು. ನೀವು ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಪೋರ್ಚುಗೀಸಿಗೆ ಹೋಗುತ್ತಿದ್ದೀರಿ. ಸುಂಟಿಕೊಪ್ಪದಿಂದ ಸೋಮವಾರಪೇಟೆಗೆ ಹೋಗಲು ಮೈಸೂರು ಸುತ್ತಿದಂತೆ. ಮಾದಾಪುರದ ಮೇಲೆ ನೇರ ರಸ್ತೆ ಇದೆ.

ಆ ನೇರ ರಸ್ತೆ ಯಾವುದೆಂದು ನಮ್ಮ ಮಳೆಯಿಂದಲೇ ಹೇಳುತ್ತೇನೆ. ತೋಟದ ಮನೆ ಎಂದ ಮೇಲೆ ನಿಮ್ಮಲ್ಲೂ ಒಂದು ಮಳೆ ಪುಸ್ತಕ ಇದ್ದೇ ಇರುತ್ತದೆ. ಬೆಳಗ್ಗೆ ಮಾಪಕ ನೋಡಿ ‘1 ಇಂಚು 40 ಸೆಂಟ್’ ಎಂದು ಬರೆಯುವ ಒಂದೊಂದು ಸಾಲೂ ‘ಶೊವೇವು’, ಅಂದರೆ ಮಳೆ ಬಂತು, ಬಂದಿದೆ. ಆ ಸಾಲು ಬರೆದಾಗಲೇ ಮುಗಿಯಿತು. ಹಾಳೆ ತುಂಬ ಅಂಥ ಸಾಲುಗಳಾಗಿ, ಮುಂದಿನ ಸಾಲು ಇನ್ನೂ ಖಾಲಿ ಇರುವಾಗ, ಬೇಲಿಯಾಚೆಯ ನೆರೆಯವರಿಗೆ ‘ಏನ್ ಮಳೆ ಮಾರಾಯ್ರೆ, ಹೊಡೀತಾನೇ ಇದೆ’ ಎನ್ನುತ್ತೀರಲ್ಲ, ಅದು ‘ತೇಂ ಶೊವೀದು’ (‘ತೇಂ’ ಎಂಬುದು ತೆನ್ಯುವಿನದೇ ‘ಅವನು, ಅದು’ ರೂಪ). ಕಿಟಕಿಯಾಚೆ ಕೈ ತೋರಿಸಿ ‘ನೋಡಿ, ಬರ್ತಾ ಇದೆ’ ಎಂದರೆ ಅದು ಬೇರೆ: ‘ಎಸ್ತಾ ಶೊವೆಂದು’. ‘ತೇಂ ಶೊವೀದು’ ಎನ್ನುವ ಆ ಗಳಿಗೆಯಲ್ಲಿ ಬಿಸಿಲೇ ಕಾಯುತ್ತಿರಬಹುದು, ತೊಂದರೆ ಇಲ್ಲ.

ಪುಸ್ತಕದ ಹಾಳೆ ಮುಗಿದು ಮಗುಚಿದರೆ ತೆನ್ಯು ರೂಪಕ್ಕೆ ಅಲ್ಲಿ ಜಾಗವಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಮಳೆ ಒಂದು ದಿನ ಬಂದು ನಿಂತದ್ದಲ್ಲ, ದಿನಗಟ್ಟಲೆ ಹೊಡೆದದ್ದು. ಆದರೂ ಅದನ್ನು ನಿಮ್ಮ ಸ್ನೇಹಿತರಿಗೆ ಹೇಳುವಾಗ ‘ಶೊವೇವು ಸೇಂ ಪರಾರ್’, ಬಿಡದೆ ಸುರಿಯಿತು ಎನ್ನಬೇಕು. ಎಷ್ಟೇ ಸಲ ಆಗಿರಲಿ, ಆ ಕಾಲದ ಬಾಗಿಲು ಮುಚ್ಚಿದೆ. ಅವರ ಊರಿನ ಕಥೆಯೂ ಹಾಗೆಯೇ. 2021ರ ಜುಲೈನಲ್ಲಿ ದಕ್ಷಿಣ ಮಿನಾಸ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟವು. ಅದನ್ನು ಅವರು ‘ಜ಼ಿಯೋವ್’ ಎಂದು ಒಂದೇ ಪದದಲ್ಲಿ, ಬರೀ ಭೂತಕಾಲದಲ್ಲಿ ಹೇಳುತ್ತಾರೆ. ‘ನಿನ್ನೆ’, ‘ಹೋದ ವರ್ಷ’, ‘ಹುತ್ತರಿ ದಿನ’ ಎಂಬಂಥ ಮುಗಿದ ಕಾಲಸೂಚಕ ಯಾವುದೂ ತೆನ್ಯು ಜೊತೆ ಕೂರುವುದಿಲ್ಲ.

ಲೆಕ್ಕವೂ ಕೂರುವುದಿಲ್ಲ. ಇದನ್ನು ಪಾಠದ ಪುಸ್ತಕಗಳು ಅವಸರದಲ್ಲಿ ದಾಟಿಬಿಡುತ್ತವೆ, ಆದರೆ ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಮುಗ್ಗರಿಸಿದ್ದು ಇಲ್ಲೇ. ‘ಈ ತಿಂಗಳು ಮೂರು ಸಲ ಕುಶಾಲನಗರಕ್ಕೆ ಹೋಗಿದ್ದೇನೆ’ ಎನ್ನಲು ‘ಫುಯ್ ತ್ರೇಸ್ ವೇಜ಼ಿಸ್’ ಎನ್ನಬೇಕು. ‘ತೆನ್ಯು ಈದು ತ್ರೇಸ್ ವೇಜ಼ಿಸ್’ ಎಂದರೆ ಬ್ರೆಜಿಲ್‌ನವರ ಕಿವಿಗೆ ಅಪಸ್ವರ. ಮೂರು ಎಂದು ಎಣಿಸಿದ ಮೇಲೆ ಮೊತ್ತ ಹಾಕಿ ಗೆರೆ ಎಳೆದಂತಾಯಿತು, ಮುಂದುವರಿಯಲು ಏನೂ ಉಳಿಯಲಿಲ್ಲ. ಆದರೆ ‘ತೆನ್ಯು ಈದು ತ್ರೇಸ್ ವೇಜ಼ಿಸ್ ಪೊರ್ ಸೆಮಾನ’, ವಾರಕ್ಕೆ ಮೂರು ಸಲ ಹೋಗ್ತಾ ಇದ್ದೀನಿ ಎಂದರೆ ಸೊಗಸಾಗಿ ಒಪ್ಪುತ್ತದೆ. ಅಲ್ಲಿ ಮೂರು ಎಂಬುದು ಮೊತ್ತವಲ್ಲ, ಓಟದ ವೇಗ. ಕನ್ನಡದ ಕಿವಿ ಈ ವ್ಯತ್ಯಾಸವನ್ನು ತಾನಾಗಿಯೇ ಹಿಡಿಯುತ್ತದೆ, ಗಮನಿಸಿ: ಮೊದಲನೆಯದಕ್ಕೆ ‘ಹೋಗಿದ್ದೇನೆ’, ಎರಡನೆಯದಕ್ಕೆ ‘ಹೋಗ್ತಾ ಇದ್ದೀನಿ’ ಎಂದು ನೀವೇ ಬದಲಿಸಿಕೊಂಡಿರಿ.

ಒಂದೇ ಸಲ ಆಗಬಲ್ಲ ಕೆಲಸಕ್ಕೆ ತೆನ್ಯು ಹಚ್ಚಿದರೆ ತಮಾಷೆಯಾಗುತ್ತದೆ, ಕೆಲವೊಮ್ಮೆ ಅಮಂಗಳವೂ ಆಗುತ್ತದೆ. ಬಿಳಿ ಕಾಂಡಕೊರಕ ಹತ್ತಿ ಅರೇಬಿಕಾ ಗಿಡಗಳು ಒಂದೊಂದಾಗಿ ಒಣಗುತ್ತಿದ್ದರೆ ‘ಅಸ್ ಪ್ಲಾಂತಸ್ ತೇಂ ಮೊಹೀದು’, ಗಿಡಗಳು ಸಾಯ್ತಾ ಇವೆ ಎನ್ನಬಹುದು. ಇವತ್ತೊಂದು, ನಾಳೆ ಎರಡು, ಸಾಲು ಮುಂದುವರಿಯುತ್ತದೆ. ಒಂದೇ ಗಿಡವಾದರೆ ಅದು ಸತ್ತದ್ದು ಒಂದೇ ಸಲ, ‘ಮೊಹೇವು’. ಅಲ್ಲಿ ತೇಂ ಹಾಕಿದರೆ ಅದೇ ಗಿಡ ದಿನಾ ಸತ್ತು ದಿನಾ ಎದ್ದು ಕೂತಂತೆ. ಮನುಷ್ಯರ ಸಾವಿನ ಸುದ್ದಿ ಬರೆಯುವಾಗಲಂತೂ ಎರಡು ಸಲ ಓದಿ ಕಳಿಸಿ.

ಇಲ್ಲಿಯವರೆಗೆ ಕನ್ನಡವೇ ದಾರಿ ತೋರಿತು. ಇನ್ನು ಅದು ಕೈಕೊಡುವ ಜಾಗಗಳನ್ನೂ ಹೇಳದಿದ್ದರೆ ಮೋಸವಾಗುತ್ತದೆ.

ನಿಷೇಧದಲ್ಲಿ ಕೈಕೊಡುತ್ತದೆ. ‘ಅವನನ್ನು ನೋಡಿಲ್ಲ’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಸಂಗತಿ ಹೇಳುತ್ತೇವೆ. ಮೊನ್ನೆ ಗೋಣಿಕೊಪ್ಪದ ಸಂತೆಯಲ್ಲಿ ಕಣ್ಣಿಗೆ ಬೀಳಲಿಲ್ಲ ಎಂದಾದರೆ ‘ನಾಂವ್ ವೀ’. ಹೊಸ ಮ್ಯಾನೇಜರ್ ಬಂದಿದ್ದಾರಂತೆ, ಇನ್ನೂ ನೋಡಿಲ್ಲ ಎಂದಾದರೆ ‘ಅಯಿಂದ ನಾಂವ್ ವೀ’. ಮೊದಲೆಲ್ಲ ಸಿಗುತ್ತಿದ್ದ, ಈಚೆಗೆ ಕಾಣುತ್ತಲೇ ಇಲ್ಲ ಎಂದಾದರೆ ‘ನಾಂವ್ ತೆನ್ಯು ವೀಸ್ತು’. ಕನ್ನಡದಲ್ಲಿ ‘ನೋಡಿಲ್ಲ’ ಎಂದು ಬಂದ ಕೂಡಲೇ ಬರೀ ಭೂತಕಾಲ ಹಾಕಬೇಡಿ. ವಾಕ್ಯವನ್ನು ಮನಸ್ಸಿನಲ್ಲೇ ತಿರುಗಿಸಿ ‘ನೋಡಿದ್ದೇನೆ’ ಎಂದಾಗುತ್ತದೋ ‘ನೋಡ್ತಾ ಇರ್ತೀನಿ’ ಎಂದಾಗುತ್ತದೋ ಕೇಳಿಕೊಳ್ಳಿ. ಎರಡನೆಯದಾದರೆ ತೆನ್ಯು.

ದೀರ್ಘ ಅವಧಿಯಲ್ಲೂ ಕೈಕೊಡುತ್ತದೆ. ‘ಮೂವತ್ತು ವರ್ಷದಿಂದ ಕಾಫಿ ಬೆಳೆಯುತ್ತಾ ಬಂದಿದ್ದೇವೆ’ ಎಂಬ ವಾಕ್ಯ ನಮಗೆ ಸಹಜ. ಪೋರ್ಚುಗೀಸ್‌ನವರು ಅಲ್ಲಿ ಸರಳ ವರ್ತಮಾನವನ್ನೇ ಇಟ್ಟು, ‘ಆ ತ್ರಿಂತ ಆನುಸ್’, ಮೂವತ್ತು ವರ್ಷದಿಂದ ಎಂದು ಸೇರಿಸುತ್ತಾರೆ. ‘ಮೊರು ಅಕೀ ಆ ದೆಜ಼್ ಆನುಸ್’ ಎಂದರೆ ಹತ್ತು ವರ್ಷದಿಂದ ಇಲ್ಲೇ ಇದ್ದೇನೆ. ಇಲ್ಲಿ ನಮ್ಮ ‘ಇದ್ದೇನೆ’ಯೂ ವರ್ತಮಾನವೇ, ಎರಡೂ ಭಾಷೆ ಜೋಡಿ ನಡೆಯುತ್ತವೆ. ಅದೇ ‘ತೆನ್ಯು ಮೊರಾದು ಅಕೀ’ ಎಂದರೆ ಸದ್ಯಕ್ಕೆ ಇಲ್ಲಿ ಬಿಡಾರ ಹೂಡಿದ್ದೇನೆ, ನಾಳೆ ಎಲ್ಲೋ ಎಂಬ ಧ್ವನಿ. ತಲೆಮಾರುಗಳಿಂದ ಅದೇ ತೋಟದಲ್ಲಿರುವ ನಿಮ್ಮಂಥವರ ಬಾಯಲ್ಲಿ ಅದು ಬರಬಾರದು. ತೆನ್ಯು ರೂಪಕ್ಕೆ ‘ಈಚೆಗೆ’ ಎಂಬ ವಾಸನೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

ಇದರಿಂದಲೇ ನಿಮ್ಮ ಇನ್ನೊಂದು ಸಂಶಯವೂ ಬಗೆಹರಿಯುತ್ತದೆ. ‘ಉಲ್ಚಿಮಮೆಂಚಿ’, ಅಂದರೆ ಇತ್ತೀಚೆಗೆ ಎಂಬ ಪದ ಕಡ್ಡಾಯವೇನೂ ಅಲ್ಲ. ಬಳಸಿದರೆ ಚೆನ್ನ, ಬಳಸದಿದ್ದರೂ ‘ತೆನ್ಯು ತ್ರಬಲ್ಯಾದು ಮುಯ್ತು’ ಎಂದರೆ ಈಚೆಗೆ ವಿಪರೀತ ಕೆಲಸ ಮಾಡ್ತಿದ್ದೀನಿ ಎಂದು ಕೇಳಿದವರಿಗೆ ಪೂರ್ತಿ ಗೊತ್ತಾಗುತ್ತದೆ. ಕಲಿಯುವ ಮೊದಲ ಆರು ತಿಂಗಳು ಆ ಪದವನ್ನು ಊರುಗೋಲಿನಂತೆ ಹಿಡಿದುಕೊಳ್ಳಿ, ಅಷ್ಟೆ. ಅದು ವಾಕ್ಯದಲ್ಲಿ ಸಲೀಸಾಗಿ ಕೂರುತ್ತಿಲ್ಲ ಎನಿಸಿದರೆ ನೀವು ತಪ್ಪು ಕಾಲ ಆರಿಸಿದ್ದೀರಿ ಎಂಬ ಸೂಚನೆಯೂ ಸಿಗುತ್ತದೆ. ‘ಇತ್ತೀಚೆಗೆ ಆ ವರದಿ ಕಳಿಸುತ್ತಾ ಬಂದಿದ್ದೇನೆ’ ಎಂದು ಬರೆದು ನೋಡಿದ್ದರೆ ನಿಮಗೇ ನಗು ಬರುತ್ತಿತ್ತು.

‘ಬ್ರೆಜಿಲ್‌ನಲ್ಲಿ ಯಾರೂ ಬಳಸುವುದಿಲ್ಲ’ ಎಂಬುದು ಅರ್ಧ ಕಂಡವರ ಮಾತು. ಅಲ್ಲಿಯ ಡಾಕ್ಟರ ಬಳಿ ಹೋದರೆ ‘ವೊಸೇ ತೇಂ ದೊರ್ಮೀದು ಬೇಂ?’, ಚೆನ್ನಾಗಿ ನಿದ್ದೆ ಬರ್ತಾ ಇದೆಯಾ ಎಂದೇ ಕೇಳುತ್ತಾರೆ. ‘ತೆನ್ಯು ಚೀದು ದೋರ್ ಜಿ ಕಬೇಸ’, ಈಚೆಗೆ ತಲೆನೋವು ಬರ್ತಾ ಇರುತ್ತದೆ ಎಂದು ನೀವು ಹೇಳುತ್ತೀರಿ. ಪೇಟೆ ಸುದ್ದಿಯಲ್ಲೂ ಇದು ದಿನಬಳಕೆಯದು. ನಿಮ್ಮ ಪಾಠದವರು ಕಂಡದ್ದು ಇಷ್ಟು: ಆಡುಮಾತಿನಲ್ಲಿ ಇದರ ಜಾಗಕ್ಕೆ ಬೇರೆ ರೂಪಗಳೂ ನುಗ್ಗುತ್ತವೆ, ಮತ್ತು ಇಂಗ್ಲಿಷ್‌ನಷ್ಟು ಪದೇ ಪದೇ ಇದು ಕಿವಿಗೆ ಬೀಳುವುದಿಲ್ಲ. ಬಿಟ್ಟುಬಿಡುವ ಕಾರಣ ಅದಲ್ಲ.

ಆ ಬೇರೆ ರೂಪಗಳನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕನ್ನಡಿಗನಿಗೆ ಇಲ್ಲೊಂದು ಹಬ್ಬವೇ ಇದೆ. ‘ವೇನ್ಯು’ ಎಂದರೆ ಬರುತ್ತೇನೆ. ‘ವೇನ್ಯು ಫಜ಼ೆಂದು’ ಎಂದರೆ ಅಕ್ಷರಶಃ ‘ಮಾಡುತ್ತಾ ಬರುತ್ತಿದ್ದೇನೆ’. ‘ಬರು’ ಎಂಬ ಕ್ರಿಯಾಪದವನ್ನು ಇದೇ ಕೆಲಸಕ್ಕೆ ಹಚ್ಚಿದ ಇನ್ನೊಂದು ಭಾಷೆ ಭೂಮಿಯ ಆಚೆ ಬದಿಯಲ್ಲಿ ಸಿಕ್ಕಿದಾಗ ನನಗೆ ಊರಿನವರೊಬ್ಬರು ಸಿಕ್ಕಿದಷ್ಟು ಖುಷಿಯಾಗಿತ್ತು. ‘ಉ ಪ್ರೇಸು ವೇಂ ಸುಬಿಂದು’, ಬೆಲೆ ಏರುತ್ತಾ ಬಂದಿದೆ. ಪೋರ್ಚುಗಲ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ತೇಂ ವೀಂದು ಅ ಸುಬೀರ್’ ಎನ್ನುತ್ತಾರೆ. ಅದರಲ್ಲಿ ತೇಂ ಕೂಡ ಇದೆ, ‘ಬಂದು’ ಕೂಡ ಇದೆ. ಮೆಲ್ಲಗೆ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಸಂಗತಿಗೆ ಈ ‘ಬರು’ ರೂಪ ಚೆಂದ. ಆದರೆ ಸ್ವಲ್ಪ ಪತ್ರಿಕೆಯ ಭಾಷೆಯಂತೆ ಕೇಳುತ್ತದೆ. ‘ಬೆಳಗ್ಗೆ ಬೇಗ ಏಳುತ್ತಾ ಬಂದಿದ್ದೇನೆ’ ಎಂದು ಸ್ನೇಹಿತನಿಗೆ ಬರೆದಷ್ಟೇ ಬಿಗಿ.

‘ಆಂದು’ ಎಂದರೆ ನಡೆಯುತ್ತೇನೆ, ಓಡಾಡುತ್ತೇನೆ. ‘ಆಂದು ತ್ರಬಲ್ಯಂದು ಮುಯ್ತು’ ಎಂದರೂ ಈಚೆಗೆ ಬಹಳ ಕೆಲಸ ಎಂದೇ, ಇನ್ನಷ್ಟು ಸಲಿಗೆಯಿಂದ. ಇದರ ಅಪಾಯ ಬೇರೆಯವರ ಬಗ್ಗೆ ಹೇಳುವಾಗ ಕಾಣುತ್ತದೆ. ‘ಎಲಿ ಆಂದ ಬೆಬೆಂದು’ ಎಂದರೆ ‘ಅವನು ಈಚೆಗೆ ಕುಡ್ಕೊಂಡು ತಿರುಗ್ತಾನೆ’ ಎಂಬಷ್ಟು ಪಿಸುಮಾತಿನ ಬಣ್ಣ ಬರಬಹುದು. ನಿಮ್ಮ ಬಗ್ಗೆ ಹೇಳಿಕೊಳ್ಳಿ, ಇನ್ನೊಬ್ಬರ ಬಗ್ಗೆ ಬಳಸುವ ಮುನ್ನ ಯೋಚಿಸಿ.

ಮೂರನೆಯದು ‘ಎಸ್ತೋವ್ ತ್ರಬಲ್ಯಂದು’, ಬಾಯಿಮಾತಿನಲ್ಲಿ ಬರೀ ‘ತೋ ತ್ರಬಲ್ಯಂದು’. ಬ್ರೆಜಿಲ್‌ನ ಬೀದಿಯಲ್ಲಿ ಅತಿ ಹೆಚ್ಚು ಕೇಳುವುದು ಇದೇ. ಸುಲಭ, ಯಾರೂ ನಗುವುದಿಲ್ಲ. ತೊಂದರೆ ಏನೆಂದರೆ ಇದು ನಮ್ಮ ‘ಮಾಡ್ತಾ ಇದ್ದೀನಿ’ಯ ಹಾಗೆ ಎರಡು ತಲೆಯದು: ಈ ಕ್ಷಣವೋ, ಈ ದಿನಗಳೋ? ಹಾಗಾಗಿ ‘ಈ ದಿನಗಳಲ್ಲಿ’ ಎಂಬ ಅರ್ಥದ ‘ಏಸಿಸ್ ಜೀಯಸ್’ ಸೇರಿಸದಿದ್ದರೆ ‘ಕೆಲಸದಲ್ಲಿದ್ದೀರಾ? ಹಾಗಾದರೆ ಆಮೇಲೆ ಮಾತಾಡೋಣ’ ಎಂದು ಅವರು ಫೋನ್ ಇಟ್ಟುಬಿಟ್ಟಾರು.

ವ್ಯಾಪಾರದ ಮಾತಿನಲ್ಲಿ ಮಾತ್ರ ತೆನ್ಯು ಮತ್ತು ಸರಳ ಭೂತಕಾಲದ ನಡುವೆ ಎಚ್ಚರವಿರಲಿ. ‘ಉ ಪ್ರೇಸು ಸುಬಿವು’ ಎಂದರೆ ಬೆಲೆ ಏರಿತು, ಏರಿದ್ದು ಆಯಿತು. ‘ಉ ಪ್ರೇಸು ತೇಂ ಸುಬೀದು’ ಎಂದರೆ ಏರುತ್ತಲೇ ಇದೆ. ಎರಡನೆಯದನ್ನು ಕೇಳಿದವರು ನಾಳೆಯೂ ಏರಬಹುದು ಎಂದು ಚೀಲ ಬಿಗಿಹಿಡಿದು ಕೂರಬಹುದು. ರೊಬಸ್ಟಾ ಮಾರುವ ನಿಮಗೆ ಇದರ ವ್ಯತ್ಯಾಸ ವ್ಯಾಕರಣದ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ಹಾಗೆಯೇ ಬೆಲೆಯ ಮಾತಿನಲ್ಲಿ ‘ಮೆರ್ಕಾದು’ ಎಂದು ಕೇಳಿದರೆ ಅದು ಮಾರುಕಟ್ಟೆ. ಕೃದಂತ ಎಂದುಕೊಳ್ಳಬೇಡಿ, ಕೊನೆಯ ‘ಆದು’ ಎಲ್ಲ ಕಡೆ ಕ್ರಿಯಾಪದವಲ್ಲ.

ಕೃದಂತದ ವಿಷಯ ಬಂತು, ಬೇಗ ಮುಗಿಸುತ್ತೇನೆ. ಹೆಚ್ಚಿನವು ‘ಆದು’ ಅಥವಾ ‘ಈದು’ ಎಂದು ಮುಗಿಯುತ್ತವೆ. ಕೆಲವು ಹಟಮಾರಿಗಳಿವೆ: ಮಾಡಿದ ‘ಫೇಯ್ತು’, ನೋಡಿದ ‘ವೀಸ್ತು’, ಬರೆದ ‘ಎಸ್ಕ್ರೀತು’, ತೆರೆದ ‘ಅಬೆರ್ತು’, ಇಟ್ಟ ‘ಪೋಸ್ತು’, ಬಂದ ‘ವೀಂದು’. ಹೆಂಗಸರಾಗಲಿ, ಗಂಡಸರಾಗಲಿ, ಹತ್ತು ಜನರಾಗಲಿ, ತೆನ್ಯು ಜೊತೆಗಿನ ಕೃದಂತ ಬದಲಾಗುವುದಿಲ್ಲ. ಬದಲಾಗುವುದು ತೆನ್ಯು ಮಾತ್ರ: ನಾನು ತೆನ್ಯು, ನಾವು ತೇಮುಸ್, ನೀವು ಅಥವಾ ಅವನು ತೇಂ, ಅವರು ತೇಂ. ಕೊನೆಯೆರಡು ಕೇಳಲು ಒಂದೇ, ಬರೆಯುವಾಗ ‘ಅವರು’ ಎಂಬುದರ ಸ್ವರದ ತಲೆಗೊಂದು ಟೋಪಿ ಬೀಳುತ್ತದೆ. ಸಾಲಾಗಿ ನಾಲ್ಕು ಅಭ್ಯಾಸ ಹೇಳುವಾಗ ತೆನ್ಯುವನ್ನು ಒಂದೇ ಸಲ ಹೇಳಿ ಮುಂದಕ್ಕೆ ಬರೀ ಕೃದಂತ ಜೋಡಿಸಿದರೆ ಸಾಕು.

ಈ ರೂಪ ಹೀಗೇಕೆ ಬೆಳೆಯಿತು ಎಂಬ ಕುತೂಹಲವಿದ್ದರೆ ಇಷ್ಟು ಹೇಳಬಹುದು. ಲ್ಯಾಟಿನ್‌ನಲ್ಲಿ ಹಿಡಿದಿರು ಎಂಬರ್ಥದ ‘ತೆನೇರೆ’ಯಿಂದ ‘ತೇರ್’ ಬಂತು. ಸ್ಪ್ಯಾನಿಷ್‌ನವರು ಇದೇ ಬಗೆಯ ಜೋಡಣೆಗೆ ಇನ್ನೊಂದು ಕ್ರಿಯಾಪದವಾದ ‘ಹಬೇರೆ’ಯ ಮಗನನ್ನು ಇಟ್ಟುಕೊಂಡರು, ಅರ್ಥವೂ ‘ಮಾಡಿದ್ದೇನೆ’ಯ ಕಡೆ ಹೋಯಿತು. ಪೋರ್ಚುಗೀಸ್‌ನಲ್ಲಿ ಮೊದಲು ‘ತೆನ್ಯು ಅ ಕಾರ್ತ ಎಸ್ಕ್ರೀತ’ ಎಂಬಂಥ ಮಾತಿತ್ತು. ಈಗಲೂ ಇದೆ. ‘ಪತ್ರ ಬರೆದಿಟ್ಟಿದ್ದೇನೆ’ ಎಂದರ್ಥ, ನಮ್ಮ ‘ಇಟ್ಟು’ ಇದ್ದ ಹಾಗೆ. ಪತ್ರ ಹೆಣ್ಣಾದ್ದರಿಂದ ಕೊನೆಗೆ ‘ತ’. ಅದೇ ಪದಗಳು ಹತ್ತಿರ ಸರಿದು, ಲಿಂಗ ಕಳಚಿ, ‘ತೆನ್ಯು ಎಸ್ಕ್ರೀತು ಕಾರ್ತಸ್’ ಆದಾಗ ‘ಪತ್ರ ಬರೆಯುತ್ತಾ ಬಂದಿದ್ದೇನೆ’ ಆಯಿತು. ಹಳೆಯ ಅರ್ಥದ ಒಂದು ತುಣುಕು ಭಾಷಣಗಳ ಕೊನೆಯಲ್ಲಿ ಉಳಿದಿದೆ: ‘ತೆನ್ಯು ಜೀತು’, ಹೇಳಬೇಕಾದ್ದನ್ನು ಹೇಳಿದ್ದೇನೆ. ಅದೊಂದು ಗಾದೆಯಂತೆ ಗಟ್ಟಿಯಾದ ಮಾತು, ಅದನ್ನು ನೋಡಿ ನಿಯಮ ಕಟ್ಟಬೇಡಿ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ‘ಮತ್ತೆ ಮತ್ತೆ’ ಎಂಬ ಗುಣ ಇರುವುದು ವರ್ತಮಾನದ ತೆನ್ಯುವಿಗೆ ಮಾತ್ರ. ‘ಚೀನ್ಯ ಶೆಗಾದು’ ಎಂದರೆ ತಲುಪಿದ್ದರು, ಒಂದೇ ಸಲ. ‘ಎಸ್ಪೆರು ಕಿ ತೆನ್ಯ ಶೆಗಾದು ಬೇಂ’ ಎಂದರೆ ಕ್ಷೇಮವಾಗಿ ತಲುಪಿದ್ದೀರೆಂದು ಭಾವಿಸುತ್ತೇನೆ, ಅದೂ ಒಂದೇ ಸಲ. ‘ತೆನ್ಯು’ ಮತ್ತು ‘ತೆನ್ಯ’ ನಡುವೆ ಒಂದು ಸ್ವರದ ಅಂತರ, ಅರ್ಥದಲ್ಲಿ ಮಾತ್ರ ಮಡಿಕೇರಿಗೂ ಮಂಗಳೂರಿಗೂ ಇರುವಷ್ಟು. ತೆನ್ಯು ಕಂಡು ಹೆದರಿದವರು ಇವುಗಳನ್ನೂ ಕೈಬಿಡುತ್ತಾರೆ, ಅದು ಬೇಡ.

ನಿಮ್ಮ ಬೆಳಗಿನ ಐದು ಗಂಟೆಯ ಕಥೆಗೆ ಬರುತ್ತೇನೆ. ‘ಅಕೊರ್ದು ಅಸ್ ಸಿಂಕು’ ಎಂದು ಬರೆದಿರಿ, ಅಂದರೆ ಐದಕ್ಕೆ ಏಳುತ್ತೇನೆ. ಅದು ಸ್ಥಿರವಾದ ರೂಢಿ, ಅದಕ್ಕೇ ಅವರು ಹುಟ್ಟುಗುಣ ಎಂದುಕೊಂಡದ್ದು. ‘ಅಕೊರ್ದೇಯ್’ ಎಂದರೆ ಇವತ್ತು ಎದ್ದೆ. ‘ಅಕೊರ್ದಾವ’ ಎಂದರೆ ಹಿಂದೆ ಏಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ನಿಮಗೆ ಬೇಕಾದದ್ದು ಇವುಗಳ ನಡುವಿನ ಜಾಗ, ಶುರುವಾಗಿ ಸ್ವಲ್ಪ ದಿನವಾದ, ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲದ ಅಭ್ಯಾಸ: ‘ತೆನ್ಯು ಅಕೊರ್ದಾದು ಅಸ್ ಸಿಂಕು’.

ಆ ಬ್ರೆಜಿಲ್ ಸ್ನೇಹಿತರಿಗೆ ಈಗ ಹೀಗೆ ಬರೆದು ಕಳಿಸಿ, ಅವರ ಹುಡುಕಾಟ ನಿಲ್ಲಲಿ:

‘ಮಂದೇಯ್ ಉ ಹೆಲತೊರಿಯು ಸೊ ಉಮ ವೇಸ್. ಅಕೀ ತೇಂ ಶೊವೀದು ಮುಯ್ತು. ತೆನ್ಯು ಅಕೊರ್ದಾದು ಅಸ್ ಸಿಂಕು ಇ ಆಂದಾದು ಪೆಲು ಕಫೆಜ಼ಾವ್ ಆಂಚಿಸ್ ದ ಶುವ. ಉಜ಼್ ಎಲೆಫಾಂಚಿಸ್ ತೇಂ ವೀಂದು ಕ್ವಾಜ಼ಿ ತೋದ ನೋಯ್ಚಿ. ಓಂತೇಂ ಕೆಬ್ರಾರಾಂ ಅ ಸೇರ್ಕ.’

ವರದಿ ಕಳಿಸಿದ್ದು ಒಂದೇ ಸಲ. ಇಲ್ಲಿ ಮಳೆ ಜೋರಾಗಿ ಹೊಡೀತಾ ಇದೆ. ಈಚೆಗೆ ಐದಕ್ಕೆ ಎದ್ದು, ಮಳೆಗೆ ಮುಂಚೆ ತೋಟ ಸುತ್ತುತ್ತಿದ್ದೇನೆ. ಆನೆಗಳು ಹೆಚ್ಚುಕಡಿಮೆ ದಿನಾ ರಾತ್ರಿ ಬರ್ತಾ ಇವೆ. ನಿನ್ನೆ ಬೇಲಿ ಮುರಿದವು. ಆನೆ ಬರುವುದು ತೇಂ, ಬೇಲಿ ಮುರಿದದ್ದು ಸರಳ ಭೂತ. ಬೇಲಿಯನ್ನೂ ದಿನಾ ಮುರಿಯುತ್ತಿದ್ದರೆ ಅಲ್ಲಿಗೂ ತೇಂ ಹಾಕಬೇಕಾಗುತ್ತದೆ, ಹಾಗಾಗದಿರಲಿ. ಮಳೆಯ ಲೆಕ್ಕ ಸೇರಿಸುವುದಾದರೆ ನಮ್ಮ ಇಂಚು, ಸೆಂಟ್ ಅವರಿಗೆ ಅರ್ಥವಾಗದು. ಅವರದು ಮಿಲಿಮೀಟರ್ ಲೆಕ್ಕ, 1 ಇಂಚಿಗೆ 25.4 ಎಂದು ಗುಣಿಸಿ ಬರೆಯಿರಿ.